ತಾರಸಿಯ ಮೇಲೆ ತವರು ಒಣಗಿದ್ದು

ನನ್ನ ಕೈ ಸುಮ್ಮನಿರುವುದಿಲ್ಲ. ಅಕ್ಕಿ ಕಂಡರೆ ಕಲ್ಲು ಆರಿಸುತ್ತೇನೆ, ಸೊಪ್ಪು ಕಂಡರೆ ಸೋಸುತ್ತೇನೆ, ಮದುವೆ ಮನೆಗೆ ಹೋದರೂ ಯಾರದೋ ಮಗುವನ್ನು ಹಿಡಿದು ಕೂರಿಸಿ ತಲೆಯಲ್ಲಿ ಹೇನು ನೋಡುತ್ತೇನೆ. ಈಗಿನ ಅಕ್ಕಿಯಲ್ಲಿ ಕಲ್ಲೇ ಇರುವುದಿಲ್ಲ. ಸೊಸೆಗೆ ಅದು ದೊಡ್ಡ ಅನುಕೂಲ. ನನಗೆ ಇದ್ದೊಂದು ಕೆಲಸ ಹೋಯಿತು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಓದಿ ಹೊತ್ತು ಕಳೆಯಲು ಬರುವುದಿಲ್ಲ. ಟೀವಿಯಲ್ಲಿ ಅಳುವವರನ್ನು ಕಂಡರೆ ಎದ್ದುಹೋಗಿ ಎರಡು ಬಾರಿಸೋಣ ಅನ್ನಿಸುತ್ತದೆ. ಇಂಥ ಖಾಲಿ ಕೈಯಿಂದಾಗಿಯೇ ಈಚೆಗೆ ಹರಿಹರದ ಆಚೆಯ ಒಂದು ಹೊಲದಲ್ಲಿ ಚಿನ್ನ ಸಿಕ್ಕಿತು. ನಗಬೇಡಿ, ಲ್ಯಾಬಿನವರೇ ಹೇಳಿದ್ದು.

ನನ್ನ ಮೊಮ್ಮಗಳು ರೇಖಾ ಕಲ್ಲು ಮಣ್ಣಿನ ವಿದ್ಯೆ ಓದಿದವಳು. ಭೂಮಿಯಲ್ಲಿ ಚಿನ್ನ ಎಲ್ಲಿದೆ ಎಂದು ಹುಡುಕುವ ಕಂಪನಿಯೊಂದರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದಾಳೆ. ಕೆಲಸ ಅಂದರೆ ಬಿಸಿಲಲ್ಲಿ ಗೆರೆ ಎಳೆದಂತೆ ನೇರ ನಡೆಯುವುದು, ಅಷ್ಟಷ್ಟು ದೂರಕ್ಕೊಂದು ಗುಂಡಿ ತೋಡಿ ಒಂದೊಂದು ಚೀಲ ಮಣ್ಣು ತುಂಬುವುದು, ಬಂಡೆ ಕಂಡರೆ ಸುತ್ತಿಗೆಯಿಂದ ಚೂರು ಒಡೆದುಕೊಳ್ಳುವುದು. ಎಲ್ಲವೂ ಲ್ಯಾಬಿಗೆ ಹೋಗುತ್ತದೆ. ಯಾವ ಚೀಲದಲ್ಲಿ ಚಿನ್ನದ ಸುಳಿವು ಸಿಕ್ಕಿತೋ ಆ ಜಾಗಕ್ಕೆ ಮತ್ತೆ ಹೋಗುತ್ತಾರೆ. ಆ ಸುಳಿವಾದರೂ ಎಷ್ಟು? ಕಣ್ಣಿಗೆ ಕಾಣುವಷ್ಟೂ ಇರುವುದಿಲ್ಲವಂತೆ.

"ಕಣ್ಣಿಗೆ ಕಾಣದ್ದನ್ನ ಯಾಕ ಹುಡುಕ್ತೀಯೇ?" ಎಂದೆ ಒಮ್ಮೆ.

"ನೀನು ದಿನಾ ದೇವ್ರ ಮುಂದೆ ಕುಂತು ಏನ್ ಮಾಡ್ತೀಯಜ್ಜಿ?" ಎಂದಳು. ಬಾಯಿ ಮಾತ್ರ ನನ್ನದೇ ಬಂದಿದೆ.

ಕೆಲಸಕ್ಕೆ ಹೊರಟಾಗ ಓಲೆ, ಉಂಗುರ, ಸರ ಎಲ್ಲವನ್ನೂ ಬಿಚ್ಚಿ ಒಂದು ಸ್ಟೀಲ್ ಡಬ್ಬಿಗೆ ಹಾಕಿ ಹೋಗುತ್ತಾಳೆ. ಹೊಲದ ಕಡೆ ಕಳ್ಳರ ಕಾಟವಿರಬೇಕು ಎಂದುಕೊಂಡು ನಾನೂ ಕೇಳಲಿಲ್ಲ. ಕೇಳಬೇಕಿತ್ತು.

ಒಂದು ಸಲ ಅಕಾಲದ ಮಳೆಗೆ ಮಣ್ಣಿನ ಚೀಲಗಳೆಲ್ಲ ತೊಯ್ದವು. ದೇವರಾಜ ಅರಸು ಬಡಾವಣೆಯ ನಮ್ಮ ಮನೆಗೇ ತಂದು, ತಾರಸಿಯ ಮೇಲೆ ಹಾಳೆ ಹಾಸಿ ಗುಡ್ಡೆಗುಡ್ಡೆಯಾಗಿ ಹರವಿದಳು. ಪ್ರತಿ ಗುಡ್ಡೆಯ ಪಕ್ಕ ಅದರದರ ಚೀಲ.

"ಅಜ್ಜಿ, ಕಾಗಿ ಬರದಂಗ ನೋಡ್ಕೋ. ಮುಟ್ಟಬ್ಯಾಡ ಮಾತ್ರ."

ಹತ್ತಾರು ಬೇಸಿಗೆ ಸಂಡಿಗೆ ಕಾದವಳು ನಾನು. ಮಂಡಕ್ಕಿ ಕಟ್ಟಿಕೊಂಡು ನೆರಳಲ್ಲಿ ಕೂತೆ. ಪಕ್ಕದ ತಾರಸಿಯಾಕೆ ಇಣುಕಿ, "ಏನ್ರೀ ಅಜ್ಜಿ, ಈ ವರ್ಷ ಮಣ್ಣಿನ ಸಂಡಿಗೀನಾ?" ಎಂದಳು. "ಹೂಂ, ಕರದು ಕಳಿಸ್ತೀನಿ ತಗಾ," ಎಂದೆ.

ಹೊರಡುವ ಮುಂಚೆ ರೇಖಾ ಆ ಮಣ್ಣು ಯಾವ ಊರಿನದೆಂದು ಹೇಳಿದ್ದಳು. ಅದು ನನ್ನ ತವರು. ದಾವಣಗೆರೆಯಲ್ಲಿ ಬಸ್ಸು ಹತ್ತಿ ಬಾತಿ ದಾಟಿ, ಹರಿಹರದಲ್ಲಿ ಹೊಳೆ ದಾಟಿದರೆ ಊಟದ ಹೊತ್ತಿಗೆ ತಲುಪಬಹುದು. ಆದರೂ ಹೋಗಿ ವರ್ಷಗಳಾಗಿವೆ. ತವರಿಗೆ ಹೋಗಬೇಕಾದರೆ ಅಲ್ಲಿಂದ ಯಾರಾದರೂ ಕರೆಯಬೇಕು; ಕರೆಯದೆ ಹೋಗುವ ಹೆಣ್ಣು ನಾನಲ್ಲ. ಕರೆಯುತ್ತಿದ್ದ ತಮ್ಮ ಹೊಲ ಮನೆ ಮಾರಿದ, ಆಮೇಲೆ ತೀರಿಕೊಂಡ. ಬಸ್ಸಿಗೇನೂ ಬರವಿಲ್ಲ. ಬನ್ನಿ ಅನ್ನುವ ಬಾಯಿಗೆ ಬರ.

"ಎರಡು ಬನ್ನಿಮರ ಅದಾವಲ್ಲ, ಆ ಹೊಲದ್ದು" ಎಂದು ರೇಖಾ ತೋರಿಸಿದ್ದ ಗುಡ್ಡೆ ಕೊನೆಯಲ್ಲಿತ್ತು. ಕೆಂಪು ಮಣ್ಣು, ನಡುವೆ ಬಿಳಿ ಬೆಣಚುಕಲ್ಲಿನ ಚೂರು. ಆ ಕಲ್ಲುಗಳನ್ನು ಒಂದಕ್ಕೊಂದು ಕುಟ್ಟಿ ಕಿಡಿ ಹಾರಿಸುವುದೇ ನಮ್ಮ ಆಟವಾಗಿತ್ತು. ನಮ್ಮದೇ ಹೊಲ. ಎದ್ದುಹೋಗಿ ಕೈ ಹಾಕಿದೆ. ಹೆಂಟೆಗಳನ್ನು ಅಂಗೈಯಲ್ಲಿ ತಿಕ್ಕಿ ಪುಡಿ ಮಾಡಿದೆ, ಬೇರು ತೆಗೆದೆ, ಕಲ್ಲು ಆರಿಸಿದೆ, ಮತ್ತೆ ತಿಕ್ಕಿದೆ. ಮಣಿಕಟ್ಟಿನವರೆಗೂ ಮಣ್ಣು. ಅಳು ಗಿಳು ಏನೂ ಬರಲಿಲ್ಲ, ನನಗೆ ಅದು ಬರುವುದೇ ಕಡಿಮೆ. ಬಿಸಿಲು ನೆತ್ತಿಗೇರಿದ್ದು ಮಾತ್ರ ತಿಳಿಯಲಿಲ್ಲ. ಹಾಳೆಯ ಮೂಲೆಯಲ್ಲಿ ಒಂದು ಕಾಗೆ ಕೂತು ನನ್ನನ್ನೇ ನೋಡುತ್ತಿತ್ತು.

ಕೆಲವು ವಾರ ಕಳೆದು ರೇಖಾ ಕುಣಿಯುತ್ತಾ ಬಂದಳು. ಒಂದು ಚೀಲದಲ್ಲಿ, ಒಂದೇ ಒಂದರಲ್ಲಿ, ಚಿನ್ನ! ಎರಡು ಬನ್ನಿಮರದ ಹೊಲ. ಸುತ್ತಲಿನ ಚೀಲಗಳಲ್ಲಿ ಏನೂ ಇಲ್ಲ. ಆಫೀಸಿನವರು ಮತ್ತೆ ಹೋಗಿ ಮಣ್ಣು ತಾ ಎಂದಿದ್ದರು.

"ನಾನೂ ಬರ್ತೀನಿ."

"ಕರೀದೆ ಹೋಗಂಗಿಲ್ಲ ಅಂತಿದ್ದೆಲ್ಲಜ್ಜಿ?"

"ಕಂಪನಿ ಕರೆದೈತಲ್ಲೇ."

ಆ ಹೊಲ ಈಗ ಬಾಬಾಜಾನ್ ಎಂಬುವವನದು. ತಮ್ಮನಿಂದ ಕೊಂಡು ತಾನೇ ಉಳುತ್ತಾನೆ. ಶೇಂಗಾ ಹಾಕಿದ್ದ, ಹಳದಿ ಹೂವು ಬಿಟ್ಟಿತ್ತು. ನಮ್ಮಪ್ಪನೂ ಅಲ್ಲಿ ಅದನ್ನೇ ಬೆಳೆಯುತ್ತಿದ್ದ. ಬಾಬಾಜಾನ್ ಮುಖ ಸಣ್ಣಗೆ ಮಾಡಿಕೊಂಡು ಕೇಳಿದ: "ನೀವೂ ಆಫೀಸರ್ರೇನಮ್ಮಾ?"

"ಹೌದಪ್ಪ. ಇದೇ ಬದುವಿನ ಮ್ಯಾಲೆ ಬಿದ್ದು ಹಲ್ಲು ಮುರ್ಕೊಂಡ ಆಫೀಸರ್ರು."

ಯಾರ ಮಗಳೆಂದು ತಿಳಿದ ಮೇಲೆ ನಕ್ಕ. ಆದರೆ ಆ ನಗು ಬಹಳ ಹೊತ್ತು ಉಳಿಯಲಿಲ್ಲ. "ಚಿನ್ನ ಸಿಕ್ರೆ ಹೊಲ ಹೋಗ್ತೈತೆ ಅಂತಾರಲ್ಲಮ್ಮಾ. ಹೌದೇನ್ರಿ?"

ನಾನು ಬಗ್ಗಿ, ರೇಖಾ ತೋಡಿದ ಗುಂಡಿಗೆ ಕೈ ಹಾಕಲು ಹೋದೆ.

"ಅಜ್ಜೀ! ಬಳಿ!" ಎಂದು ಹುಡುಗಿ ಕಿರುಚಿದಳು. ಆಮೇಲೆ ನನ್ನ ಕೈಯನ್ನೇ ನೋಡುತ್ತಾ ನಿಂತಳು. ಎರಡು ಚಿನ್ನದ ಬಳೆ. ಮದುವೆಯಲ್ಲಿ ಹಾಕಿಸಿಕೊಂಡದ್ದು ಬಿಚ್ಚಿಲ್ಲ, ಸವೆದು ತಂತಿಯಾಗಿವೆ. "ತಾರಸಿ ಮ್ಯಾಲೆ ಮಣ್ಣು ಮುಟ್ಟಿದ್ಯಾ?"

"ಮುಟ್ಟಲಿಲ್ಲ. ಕಲ್ಲು ಆರಿಸ್ದೆ."

ರೇಖಾ ಚೀಲ ಕೆಳಗಿಟ್ಟು ಬದುವಿನ ಮೇಲೆ ಕೂತಳು. ಮೈಮೇಲಿನ ಚಿನ್ನ ಚೂರು ತಾಗಿದರೂ ಮಣ್ಣಿನ ಲೆಕ್ಕ ಕೆಡುತ್ತದಂತೆ. ಓಲೆ ಉಂಗುರ ಬಿಚ್ಚುತ್ತಿದ್ದದ್ದು ಕಳ್ಳರಿಗೆ ಹೆದರಿ ಅಲ್ಲ.

"ಮೊದ್ಲೇ ಹೇಳಬಾರ್ದಾ?"

"ಮುಟ್ಟಬ್ಯಾಡ ಅಂದ್ರೆ ಸಾಲದೇನಜ್ಜಿ?"

"ಆ ಮಾತು ನಮ್ಮನ್ಯಾಗ ಯಾರು ಕೇಳ್ಯಾರೆ?"

ಆದರೂ ಮಣ್ಣು ತೆಗೆದುಕೊಂಡು ಹೋದಳು. ಈ ಸಲ ಏನೂ ಬರಲಿಲ್ಲ. ಆಫೀಸಿನಲ್ಲಿ ನಿಂತು, ಅದು ನಮ್ಮಜ್ಜಿಯ ಬಳೆ ಎಂದು ಹೇಳಬೇಕಾಯಿತು ಆ ಕೂಸು. ಅವರು ನಕ್ಕರಂತೆ. ಬೈದಿದ್ದರೆ ವಾಸಿಯಿತ್ತು. ಮನೆಗೆ ಬಂದು ನನ್ನೆದುರು ತಟ್ಟೆ ಇಟ್ಟುಕೊಂಡು ಉಣ್ಣದೆ ಕೂತಳು.

"ಅದು ನನ್ನ ಮೊದಲ್ನೇ ಚಿನ್ನ ಆಗಿತ್ತಜ್ಜಿ."

"ನಂದೂ ಅದೇ ಮೊದಲ್ನೇದು," ಎಂದೆ. "ಆ ಹೊಲದ ಶೇಂಗಾ ಮಾರಿನೇ ನಮ್ಮಪ್ಪ ಈ ಬಳಿ ಮಾಡಿಸಿದ್ದು."

ರೇಖಾ ನನ್ನ ಕೈ ಹಿಡಿದು ಬಳೆ ತಿರುಗಿಸಿ ನೋಡಿದಳು. "ಅಂದ್ರೆ ಲ್ಯಾಬಿನೋರು ಸುಳ್ಳು ಹೇಳಿಲ್ಲ ಬಿಡು," ಎಂದು ಅನ್ನ ಕಲಸಿಕೊಂಡಳು.

ಬಾಬಾಜಾನ್‌ಗೆ ಫೋನ್ ಮಾಡಿಸಿ, ನಿನ್ನ ಹೊಲದಲ್ಲಿ ಚಿನ್ನ ಇಲ್ಲಪ್ಪ ಎಂದು ನಾನೇ ಹೇಳಿದೆ. ಇಷ್ಟು ಸಂತೋಷದಿಂದ ಆ ಸುದ್ದಿ ಕೇಳಿದವರು ಬೇರೆ ಯಾರೂ ಇರಲಾರರು. "ನಿಮ್ಮ ಬಾಯಾಗ ಸಕ್ಕರೀ ಬೀಳ್ಲಿ! ಶೇಂಗಾ ಕೀಳೋ ಹೊತ್ತಿಗೆ ಬರ್ರಿ ಅಮ್ಮಾ. ಬಿಸಿಬಿಸಿ ಕಾಯಿ ಸುಟ್ಟು ಕೊಡ್ತೀನಿ. ಬರಲಿಲ್ಲ ಅಂದ್ರೆ ನಾನೇ ಬಂದು ಕರ್ಕೊಂಡು ಹೋಗ್ತೀನಿ ನೋಡ್ರಿ."

ಫೋನ್ ಇಟ್ಟ ಮೇಲೆ ಸುಮಾರು ಹೊತ್ತು ಅದನ್ನು ಸೆರಗಿನಿಂದ ಒರೆಸಿದೆ. ಕೈ ಸುಮ್ಮನಿರುವುದಿಲ್ಲ ಎಂದು ಮೊದಲೇ ಹೇಳಿದೆನಲ್ಲ.

ಹೋಗುತ್ತೇನೆ. ಬಳೆ ಹಾಕಿಕೊಂಡೇ ಹೋಗುತ್ತೇನೆ, ಗಿಡ ಕಿತ್ತ ಮಣ್ಣಿಗೆ ಎರಡೂ ಕೈ ಹಾಕುತ್ತೇನೆ, ಸವೆದಷ್ಟು ಸವೆಯಲಿ. ಮುಂದೆಂದಾದರೂ ಯಾವುದಾದರೂ ಕಂಪನಿ ಎರಡು ಬನ್ನಿಮರದ ಹೊಲದಲ್ಲಿ ಚಿನ್ನ ಇದೆ ಅಂದರೆ, ಅದು ನಮ್ಮಪ್ಪನದು ಎಂದು ನೀವು ತಿಳಿದುಕೊಳ್ಳಿ. ಬಾಬಾಜಾನ್‌ಗೆ ಮಾತ್ರ ಹೇಳಬೇಡಿ. ನನ್ನನ್ನು ಕರೆಯುವವನು ಈಗ ಅವನೊಬ್ಬನೇ.