ಸೊನ್ನೆ ಬರುವವರೆಗೆ

ನಮ್ಮ ಸೋದರಮಾವನ ಕಣ್ಣೆದುರು ಯಾವ ವಸ್ತುವೂ ನೆಮ್ಮದಿಯಾಗಿ ತಿರುಗುವಂತಿಲ್ಲ! ಗುಂಡ್ಲುಪೇಟೆಯ ಊಟಿ ರಸ್ತೆಯ ವರ್ಕ್‌ಶಾಪೊಂದರಲ್ಲಿ ಅವರಿಗೆ ವೀಲ್ ಬ್ಯಾಲೆನ್ಸಿಂಗ್ ಕೆಲಸ. ಚಕ್ರವನ್ನು ಯಂತ್ರಕ್ಕೇರಿಸಿ ತಿರುಗಿಸಿದರೆ ಎಲ್ಲಿ ಎಷ್ಟು ಗ್ರಾಂ ಕಡಿಮೆ ಎಂದು ಪರದೆ ತೋರಿಸುತ್ತದೆ. ಅಲ್ಲಿಗೆ ಸೀಸದ ತುಂಡು ಅಂಟಿಸಿ ಮತ್ತೆ ತಿರುಗಿಸಬೇಕು. ಬೇರೆಯವರಾದರೆ ಹೆಚ್ಚುಕಡಿಮೆ ಸರಿಹೋದರೆ ಸಾಕು ಎನ್ನುತ್ತಾರೆ. ಮಾವ? ಪರದೆಯಲ್ಲಿ ಸೊನ್ನೆ ಕಾಣದೆ ಚಕ್ರ ಇಳಿಸಿದವರೇ ಅಲ್ಲ.

ಒಂದು ಸಂಜೆ ಕೇರಳದ ಕಾರಿನವರೊಬ್ಬರು, ಬಂಡೀಪುರದ ಗೇಟು ಹಾಕುವ ಮೊದಲು ಕಾಡು ದಾಟಬೇಕೆಂದು ಚಡಪಡಿಸುತ್ತಿದ್ದರು. "ಮದಿ ಚೇಟ್ಟಾ, ಸಾಕು! ಐದೇ ಗ್ರಾಂ ಅಲ್ಲವಾ!"

ಮಾವ ತಲೆ ಎತ್ತದೆ ಕೇಳಿದರು: "ಐದ್ ಗ್ರಾಂ ಚಿನ್ನ ಆಗಿದ್ರ ಬುಟ್ಟೋಯ್ತಿದ್ರಾ?"

ಕಾರಿನವರು ಹೋಗಿ ಸ್ಟೂಲಿನ ಮೇಲೆ ಕುಳಿತರು.

ಈ ರೋಗ ವರ್ಕ್‌ಶಾಪಿನಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ಕುದೇರಿನ ನಮ್ಮ ಮನೆಗೆ ನನ್ನ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ತಲೆಯ ಮೇಲೆ ಫ್ಯಾನು ಗಡಗಡ ಎನ್ನುತ್ತಿತ್ತು. ಮಾವ ಎದ್ದು ಸ್ವಿಚ್ಚು ಆರಿಸಿ, ಕುರ್ಚಿ ಹತ್ತಿ, ಜೇಬಿನಿಂದ ಸೀಸ ತೆಗೆದು ರೆಕ್ಕೆಗೆ ಅಂಟಿಸಿದರು. ತಿರುಗಿಸಿದರು. ಸಾಲದು! ಮತ್ತೆ ಆರಿಸಿದರು. ಬೆವರಿನಲ್ಲಿ ತೊಯ್ದ ಗಂಡಿನ ಅಪ್ಪ ನನ್ನ ಕಿವಿಯಲ್ಲಿ, "ಇವ್ರು ಉಡ್ಗಿ ಮಾವನಾ, ಕರೆಂಟ್ ರಿಪೇರಿಯವ್ರಾ?" ಎಂದರು. ಸಂಬಂಧವೇನೋ ಕುದುರಿತು. ಕೇಸರಿಬಾತು ಮಾತ್ರ ತಣ್ಣಗಾಗಿತ್ತು.

ಆಮೇಲೆ ಮಾವನ ಹೆಂಡತಿ, ನಮ್ಮ ಅತ್ತೆ, ಬಚ್ಚಲಲ್ಲಿ ಜಾರಿಬಿದ್ದು ತೊಡೆಮೂಳೆ ಮುರಿದುಕೊಂಡರು. ಆಪರೇಷನ್ ಆದ ಮೇಲೆ ಎಡಗಾಲು ಸ್ವಲ್ಪ ಗಿಡ್ಡವಾಯಿತು. ಊರೆಲ್ಲ ಸುತ್ತುತ್ತಿದ್ದ ಹೆಂಗಸು ಹೊಸ್ತಿಲು ದಾಟುವುದನ್ನೇ ಬಿಟ್ಟರು. ಅಷ್ಟರಲ್ಲಿ ತೆರಕಣಾಂಬಿಯಲ್ಲಿ ಅತ್ತೆಯ ತಂಗಿ ಮಗಳ ಮದುವೆ ಬಂತು; ಅತ್ತೆಯೇ ಎತ್ತಿ ಆಡಿಸಿದ ಹುಡುಗಿ. "ಎಲ್ರೂ ನನ್ ಕಾಲ್ನೇ ನೋಡ್ತರ. ನಾ ಬರಲ್ಲ ಬುಡಿ" ಎಂದು ಗೋಡೆ ಕಡೆ ತಿರುಗಿ ಅತ್ತರು.

ಮಾವ ಅವರ ಎಡಗಾಲಿನ ಚಪ್ಪಲಿ ಎತ್ತಿಕೊಂಡು ವರ್ಕ್‌ಶಾಪಿಗೆ ಹೋದರು. ಹಳೆ ಟೈರಿನ ರಬ್ಬರು ಕೊಯ್ದು ಅದರ ಅಡಿಗೆ ಅಂಟಿಸಿ ತಂದರು. "ನಡಿ." ಅತ್ತೆ ಹಜಾರದಿಂದ ಅಡುಗೆಮನೆಗೆ ನಡೆದರು. ಮಾವ ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ನೋಡಿದರು. "ಇನ್ನಸಿ ದಪ್ಪ ಬೇಕು." ಮರುದಿನ ಇನ್ನೊಂದು ಪದರ. ಅದರ ಮರುದಿನ ಅರ್ಧ ಪದರ ಕಿತ್ತರು!

"ನಾನೇನ್ ಲಾರಿಯಾ?" ಎಂದು ಅತ್ತೆ ರೇಗಿದರು. ಎಷ್ಟೋ ದಿನಗಳ ಮೇಲೆ ನಕ್ಕದ್ದೂ ಆಗಲೇ.

ಮದುವೆಯ ಬೆಳಗ್ಗೆ ಅವರನ್ನು ಕರೆದೊಯ್ಯಲು ನಾನು ಮಾವನ ಮನೆಗೆ ಹೋಗಿದ್ದೆ. ಅತ್ತೆ ರೇಷ್ಮೆ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ, ಕೊನೆಯ ಸಲ ಹಜಾರದಲ್ಲಿ ನಡೆದು ತೋರಿಸಿದರು. ಇನ್ನೂ ಎಡಕ್ಕೆ ವಾಲುತ್ತಿದ್ದರು. ನನಗೇ ಕಂಡಿತು ಎಂದರೆ ಮಾವನಿಗೆ ಕಾಣದಿರುತ್ತದೆಯೇ? ಇನ್ನು ಈ ಮನುಷ್ಯ ಚಪ್ಪಲಿ ಬಿಚ್ಚಿಸುತ್ತಾರೆ, ಮದುವೆ ಕೆಟ್ಟಿತು ಎಂದುಕೊಂಡೆ.

"ಎಂಗದ?" ಅತ್ತೆ ಸೆರಗು ಹಿಡಿದು ನಿಂತು ಕೇಳಿದರು.

ಮಾವ ಮಂಡಿ ಹಿಡಿದು ಮೇಲೆದ್ದರು.

"ಸೊನ್ನೆ ಬಂತು ಕಣಮ್ಮಿ. ಓಗನ ನಡಿ."

ಅತ್ತೆ ಹೊಸ್ತಿಲು ದಾಟಿದರು. ದಾರಿಯುದ್ದಕ್ಕೂ ಹೋಗಿಬರುವ ಗಾಡಿಗಳ ಚಕ್ರವನ್ನೇ ನೋಡುತ್ತ ನಡೆಯುವ ನಮ್ಮ ಮಾವ, ಅಂದು ಬಸ್ ಸ್ಟ್ಯಾಂಡಿನವರೆಗೂ ಒಮ್ಮೆಯೂ ಕೆಳಗೆ ನೋಡಲಿಲ್ಲ.