ದೋತೆನ್ ಒಬ್ಬನೇ ಸಾಕು

ಒಸಾಕಾದ ಹೊಳೆಯಂಚಿನ ಆ ಅಂಗಡಿಬೀದಿಯಲ್ಲಿ ಇಸೆಕಿ ತೊಕುಜಿಯನ್ನು ಸೋಲಿಸುವ ಗಂಡು ಇನ್ನೂ ಹುಟ್ಟಿರಲಿಲ್ಲ. ಇದು ಬೀದಿಯವರ ಮಾತಲ್ಲ, ತೊಕುಜಿಯದೇ ಮಾತು. ಡಾಕ್ಟರು ಬರೆದುಕೊಟ್ಟ ಗುಳಿಗೆಯ ಹಾಗೆ ಊಟಕ್ಕೆ ಮುಂಚೆ ಒಮ್ಮೆ, ಊಟದ ಮೇಲೆ ಒಮ್ಮೆ ತಪ್ಪದೆ ಹೇಳುತ್ತಿದ್ದ.

ಸೋಲಿಸುವುದೆಂದರೆ ಮೈಗೆ ಮೈ ಹಚ್ಚುವ ಕುಸ್ತಿಯಲ್ಲಲ್ಲ. ಹಿಟ್ಟಿನ ಮೂಟೆ ಎತ್ತಿದರೆ ಸೊಂಟ ಹಿಡಿದು ಅಲ್ಲೇ ಗೋಡೆಗೆ ಒರಗುವ ಆಸಾಮಿ ಅವನು. ಅವನ ಪರಾಕ್ರಮವೆಲ್ಲ ಸೇತುವೆ ಪಕ್ಕದ ಗೇಮ್ ಸೆಂಟರಿನಲ್ಲಿ, 'ಸಿಡಿಲು ಕಾಳಗ' ಎಂಬ ಗುದ್ದಾಟದ ಯಂತ್ರದ ಮುಂದೆ. ಅದರೊಳಗೆ ತರಾವರಿ ಜಟ್ಟಿಗಳು: ಬೀಸಣಿಗೆ ಬೀಸಿ ಬಿರುಗಾಳಿ ಎಬ್ಬಿಸುವ ನರ್ತಕಿ, ಬೆಂಕಿ ಉಗುಳುವ ಅಡುಗೆಭಟ್ಟ, ಕೊಕ್ಕರೆ ಕಾಲಿನ ಮುದುಕ, ಇನ್ನೂ ಯಾರ್‍ಯಾರೋ. ತೊಕುಜಿ ಮಾತ್ರ ಮೀಸೆ ಮೂಡಿದಾಗಿನಿಂದ ಆರಿಸಿಕೊಂಡದ್ದು ಒಬ್ಬನನ್ನೇ: ದೋತೆನ್. ದೇವಸ್ಥಾನದ ಬಾಗಿಲು ಕಾಯುವ, ಗುಡಾಣದಂಥ ಹೊಟ್ಟೆಯ ದೈತ್ಯ. ಅವನು ನೆಗೆದು ಹೊಟ್ಟೆಯಿಂದ ಅಪ್ಪಳಿಸಿದರೆ ಎದುರಾಳಿ ರೊಟ್ಟಿ.

"ಹತ್ತು ಕಟ್ಟೋ ಕಡೆ ಒಂದು ಮುತ್ತು ಕಟ್ಟಬೇಕು" ಎಂದು ತೊಕುಜಿ ಮೀನಂಗಡಿಯ ಮುರಾಸೆಗೆ ಉಪದೇಶ ಮಾಡುತ್ತಿದ್ದ. ಮುರಾಸೆ ಎಲ್ಲ ಜಟ್ಟಿಗಳನ್ನೂ ಒಂದೊಂದು ತುತ್ತು ರುಚಿ ನೋಡಿ, ಎಲ್ಲರ ಕೈಲೂ ಸೋಲುವವನು.

"ನೀನು ಬಾವಿ ಕಪ್ಪೆ ಕಣೋ" ಎನ್ನುತ್ತಿದ್ದ ಮುರಾಸೆ.

"ಆಗಲಿ. ಬಾವಿಗೆ ನಾನೇ ಮಹಾರಾಜ. ನೀನೋ, ಏಳು ಕೆರೆಗೂ ನೆಂಟ!"

ತೊಕುಜಿಯದು ಉಡೊನ್ ಅಂಗಡಿ, ಬಿಸಿ ಸಾರಿನಲ್ಲಿ ದಪ್ಪ ಶಾವಿಗೆ ಮುಳುಗಿಸಿ ಕೊಡುವುದು; ಅದರದೂ ಇದೇ ಸಿದ್ಧಾಂತ. ಬೇರೆಯವರ ಗೋಡೆಯ ತುಂಬ ತಿನಿಸಿನ ಹೆಸರು ಬರೆದ ಮರದ ಪಟ್ಟಿಗಳು ತೋರಣದಂತೆ ತೂಗಿದರೆ ಇವನ ಗೋಡೆಯಲ್ಲಿ ಒಂದೇ ಪಟ್ಟಿ: ಸಿಹಿ ತೋಫು ಉಡೊನ್, ಅಂದರೆ ಶಾವಿಗೆಯ ಮೇಲೊಂದು ಸಿಹಿ ಸೋಯಾ ಗಿಣ್ಣಿನ ಬಿಲ್ಲೆ. ಅವರಪ್ಪ ಹೊಡೆದ ಮೊಳೆ, ಅವರಪ್ಪ ಬರೆದ ಅಕ್ಷರ. ಬೇಡವಾದವರಿಗೆ ಬಾಗಿಲು ತೆರೆದೇ ಇತ್ತು, ಹೋಗಲು.

ಹೋಗುತ್ತಲೂ ಇದ್ದರು.

"ಕರ್ರಿ ಉಡೊನ್ ಕೇಳ್ಕೊಂಡು ಬಂದೋರು ಇವತ್ತೂ ವಾಪಸ್ ಹೋದ್ರು ರೀ" ಎಂದಳು ಹೆಂಡತಿ ಸುಮಿಯೆ, ಖಾಲಿ ಮೇಜನ್ನೇ ಮತ್ತೆ ಒರೆಸುತ್ತ.

"ಹೋಗಲಿ ಬಿಡು. ಈ ಮನೇಲಿ ಒಂದೇ ಸಾರು, ಒಂದೇ ತೋಫು!"

"ಒಂದೇ ಗಿರಾಕಿ" ಎಂದಳು ಸುಮಿಯೆ. ಮೂಲೆಯಲ್ಲಿ ಉಡೊನ್ ಸೀಪುತ್ತಿದ್ದ ಅಂಚೆಯ ಕಜಿವಾರ ನಾಚಿಕೊಂಡು ಬಟ್ಟಲಿನೊಳಗೆ ಮುಖ ಹುದುಗಿಸಿದ. "ಹೀಗೇ ನಡೆದ್ರೆ ಬರೋ ಚಳಿಗಾಲಕ್ಕೆ ಬಾಗಿಲು ಹಾಕ್ಬೇಕಾಗುತ್ತೆ. ನನಗೆ ಒಂದೇ ಒಂದು ಕರ್ರಿ ಪಟ್ಟಿ ತಗಲಿಸೋಕೆ ಬಿಡಿ."

ತೊಕುಜಿಯ ಪೌರುಷ ಸಾರಿನಂತೆ ಉಕ್ಕಿತು. "ನನ್ನ ದೋತೆನ್ ಸೋತ ದಿನ ತಗಲಿಸು! ಕರ್ರಿ ಏನು, ಕಪ್ಪೆ ಉಡೊನ್ ಬೇಕಾದ್ರೂ ತಗಲಿಸು! ಮೊಳೆ ನಾನೇ ಹೊಡೀತೀನಿ!"

"ಮಾತು ಅಂದ್ರೆ ಮಾತೇನಾ?"

"ಇಸೆಕಿ ಮನೆತನದ ಮಾತು!"

"ಆಯ್ತು" ಎಂದಳು ಸುಮಿಯೆ.

ಅಷ್ಟೇ. ವಾದವಿಲ್ಲ, ಮುನಿಸಿಲ್ಲ. ಇಂಥ ಹೊತ್ತಿನಲ್ಲಿ ಬುದ್ಧಿಯಿರುವ ಗಂಡ ಮೋಡವಿಲ್ಲದಿದ್ದರೂ ಛತ್ರಿ ಹುಡುಕುತ್ತಾನೆ. ತೊಕುಜಿ ಹಲ್ಲು ಕೆದಕುವ ಕಡ್ಡಿ ಹಿಡಿದು ಹಾಡು ಗುನುಗಿದ.

ಮಧ್ಯಾಹ್ನದ ಊಟ ಮುಗಿದು ಸಂಜೆಯ ಗಿರಾಕಿ ಬರುವವರೆಗೆ ಅಂಗಡಿ ಮುಚ್ಚಿರುತ್ತದೆ. ಆಗ ಸುಮಿಯೆ ಚೀಲ ಹಿಡಿದು ಈರುಳ್ಳಿ ತರಲು ಹೋಗುತ್ತಾಳೆ, ತೊಕುಜಿ ದಿಗ್ವಿಜಯಕ್ಕೆ ಹೋಗುತ್ತಾನೆ. ಆ ಗೇಮ್ ಸೆಂಟರಿನಲ್ಲಿ ಯಂತ್ರಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿರುತ್ತವೆ. ಈಚೆ ನೀವು, ಆಚೆ ಎದುರಾಳಿ, ನಡುವೆ ಆಳೆತ್ತರದ ಪೆಟ್ಟಿಗೆ. ಆಚೆಯವನು ನಾಣ್ಯ ಹಾಕಿದರೆ ಪರದೆಯ ಮೇಲೆ 'ಸವಾಲು ಬಂದಿದೆ' ಎಂದು ಮೂಡುತ್ತದೆ. ಯಾರೆಂದು ಕಾಣುವುದಿಲ್ಲ. ಎದ್ದು ಹೋಗಿ ಇಣುಕುವುದಂತೂ ಸ್ನಾನದ ಮನೆಗೆ ಇಣುಕಿದಷ್ಟೇ ಹೀನಾಯ. ಸೋತವನು ತೆಪ್ಪಗೆ ಎದ್ದು ಹೋಗಬೇಕು, ಅದೇ ಮರ್ಯಾದೆ.

ಒಂದು ಮಧ್ಯಾಹ್ನ ಸವಾಲು ಬಂತು. ಆಚೆಯವನು ಆರಿಸಿದ್ದು ಕೊಕ್ಕರೆ ಕಾಲಿನ ಮುದುಕನನ್ನು. ಯಂತ್ರ ತಾನಾಗಿಯೇ ಮೊದಲು ತೋರಿಸುವ ಜಟ್ಟಿ ಅವನೇ. ಆರಿಸಲು ಬರದ ಹೊಸಬರೆಲ್ಲ ಅವನ ಪಾಲಿಗೇ ಬೀಳುತ್ತಾರೆ. ತೊಕುಜಿ ನಕ್ಕ. ದೋತೆನ್ ನೆಗೆದ. ಮುದುಕ ಕಾಲು ಚಾಚಿದ. ದೋತೆನ್ ಬಿದ್ದ. ಮತ್ತೆ ನೆಗೆದ, ಮತ್ತೆ ಕಾಲು. ಓಡಿ ಬಂದ, ಕಾಲು. ಹಿಂದೆ ಸರಿದು ಉಸಿರು ಬಿಡೋಣವೆಂದರೆ ಅಲ್ಲಿಯೂ ಕಾಲು! ಬಾಗಿಲು ಕಾಯುವ ದೈತ್ಯ ಬಾಗಿಲಿಗೆ ಹಾಕಿದ ಕಾಲೊರಸಿನಂತೆ ಮಲಗಿಬಿಟ್ಟ.

ತೊಕುಜಿ ಬೆನ್ನ ಹಿಂದೆ ನಿಂತು ನೋಡುತ್ತಿದ್ದ ಮುರಾಸೆಯತ್ತ ತಿರುಗಿದ. "ಒಂದೇ ಗುಂಡಿ ಒತ್ತುತ್ತಾನಲ್ಲೋ ಮುರಾಸೆ! ಏನು ಸಂಯಮ! ಏನು ತಪಸ್ಸು! ಇವನು ಯಾವುದೋ ಬೆಟ್ಟದ ಮೇಲೆ ಕೂತು ಆಡಿ ಇಳಿದು ಬಂದವನು!"

ಸೋತರೂ ಸಂಸ್ಕಾರ ಬಿಡಬಾರದೆಂದು ಡಬ್ಬಿ ಕಾಫಿಯೊಂದನ್ನು ಕೊಂಡು, ಚಿಲ್ಲರೆ ಕೊಡುವ ಓಕಿಕು ಅಜ್ಜಿಯ ಕೈಲಿ ಆಚೆಗೆ ಕಳಿಸಿದ. ಅಜ್ಜಿ ಆಚೆ ಹೋದವಳು ಸೆರಗಿಲ್ಲದಿದ್ದರೂ ತೋಳಿನಲ್ಲೇ ಬಾಯಿ ಮುಚ್ಚಿಕೊಂಡು ವಾಪಸು ಬಂದಳು. "ಕಾಫಿ ಕುಡಿದ್ರೆ ನಿದ್ದೆ ಬರಲ್ವಂತೆ, ಚಹಾ ಇದ್ರೆ ಕೊಡಿ ಅಂದ್ರು."

"ಚಹಾ! ನೋಡಿದ್ಯಾ? ಸನ್ಯಾಸಿನೇ!"

ಮನೆಯಲ್ಲಿ ಸೋಲನ್ನು ಹೇಳುವಂತಿಲ್ಲ, ಹೇಳಿದರೆ ಮೊಳೆ ಹೊಡೆಯಬೇಕು. ಹೇಳದಿದ್ದರೆ ಹೊಟ್ಟೆ ಉಬ್ಬುತ್ತದೆ. ರಾತ್ರಿ ಅನ್ನದ ಮುಂದೆ ಕೂತು ತೊಕುಜಿ ಮಧ್ಯಮ ಮಾರ್ಗ ಹಿಡಿದ. "ಇವತ್ತೊಬ್ಬ ಬಂದಿದ್ದ ಕಣೇ. ಬಹಳ ಗಟ್ಟಿ. ಗೆದ್ದೆ ಅನ್ನು, ಆದ್ರೂ ಗಟ್ಟಿ."

"ಗೆದ್ರಾ? ನೋಡೋಕೆ ಹೇಗಿದ್ದ?"

"ನೋಡಲಿಲ್ಲ. ಗುಂಡಿ ಒತ್ತೋ ಸದ್ದಲ್ಲೇ ಗೊತ್ತಾಗುತ್ತೆ. ಎಮ್ಮೆಯಂಥ ಮೈ, ಒನಕೆಯಂಥ ಬೆರಳು!"

ಸುಮಿಯೆ ತನ್ನ ಬೆರಳುಗಳನ್ನು ದೀಪಕ್ಕೆ ಹಿಡಿದು ನೋಡಿಕೊಂಡಳು. "ಎಮ್ಮೆಯಂಥ ಮೈನಾ?" ಎಂದು ಬಹಳ ಮೆತ್ತಗೆ ಕೇಳಿ, ಅವನ ತಟ್ಟೆಯಲ್ಲಿದ್ದ ಹುರಿದ ಮೀನನ್ನು ಎತ್ತಿ ತನ್ನ ತಟ್ಟೆಗೆ ಹಾಕಿಕೊಂಡಳು.

ಮರುದಿನವೂ ಕಾಲು. ಅದರಾಚೆಯ ದಿನವೂ ಕಾಲು. ಸುದ್ದಿ ಹೆಂಡತಿಯ ಕಿವಿಗೆ ಬೀಳುವ ಮೊದಲು ಆ ಸನ್ಯಾಸಿಯನ್ನು ಕೆಡವಲೇಬೇಕಿತ್ತು. ತೊಕುಜಿ ಹೆಮ್ಮೆಯನ್ನು ನುಂಗಿ ಮುರಾಸೆಯ ಮೀನಂಗಡಿಗೆ ಹೋಗಿ, ಐಸಿನ ಮೇಲೆ ಕಣ್ಣು ಬಿಟ್ಟು ಮಲಗಿದ್ದ ಮೀನುಗಳ ಸಾಕ್ಷಿಯಾಗಿ ತಲೆ ಬಾಗಿಸಿದ. "ನಿನ್ನ ಎಲ್ಲಾ ಜಟ್ಟಿಗಳನ್ನೂ ನನಗೆ ಕಲಿಸು."

"ಬಾವಿಯಿಂದ ಮಹಾರಾಜರು ಮೇಲಕ್ಕೆ ಬಂದ್ರಾ?"

"ಬಾವೀಲಿ ನೀರಿಲ್ಲ ಮಾರಾಯ. ಕಲಿಸು."

ಶುರುವಾಯಿತು ನೋಡಿ ಅವಾಂತರ! ನರ್ತಕಿಗೆ ಹಿಡಿಕೆಯನ್ನು ಚಕ್ರದಂತೆ ತಿರುಗಿಸಬೇಕು. ಅಡುಗೆಭಟ್ಟನಿಗೆ ಹಿಂದಕ್ಕೆಳೆದು ಮುಂದಕ್ಕೆ ತಳ್ಳಬೇಕು. ವರ್ಷಗಟ್ಟಲೆ ಒಬ್ಬ ಯಜಮಾನನ ಮನೆಯಲ್ಲಿ ದುಡಿದಿದ್ದ ಬೆರಳುಗಳು ಏಕಾಏಕಿ ಕೂಡುಕುಟುಂಬಕ್ಕೆ ಬಂದು ಬಿದ್ದ ಸೊಸೆಯಂತೆ ಯಾರ ಮಾತು ಕೇಳಬೇಕೆಂದು ತಿಳಿಯದೆ ಕಂಗಾಲಾದವು. ಆ ಕಂಗಾಲು ಅಂಗಡಿಗೂ ಬಂತು. ಸಾರು ತಿರುವುತ್ತಿದ್ದ ಕೈ ತನಗೇ ತಿಳಿಯದೆ ನರ್ತಕಿಯ ಚಕ್ರ ಹೊಡೆಯಿತು. ಹಬೆಯಾಡುವ ತೋಫು ಸೌಟಿನಿಂದ ಹಾರಿ, ದೀಪಕ್ಕೆ ಪ್ರದಕ್ಷಿಣೆ ಬಂದು, ಇದ್ದೊಬ್ಬ ಗಿರಾಕಿ ಕಜಿವಾರನ ಬೋಳುತಲೆಯ ಮೇಲೆ ಅಂಚೆಚೀಟಿಯ ಹಾಗೆ ಅಂಟಿಕೊಂಡಿತು!

"ರೀ, ಬಡಿಸ್ತಿದ್ದೀರೋ ಬಡೀತಿದ್ದೀರೋ?" ಎಂದು ಸುಮಿಯೆ ಕೂಗಿದಳು. ಕಜಿವಾರನ ನೆತ್ತಿಗೆ ತಣ್ಣೀರು ಬಟ್ಟೆ ಹಾಕುತ್ತ, "ನಿಮ್ಮ ದೋತೆನ್ ಕ್ಷೇಮ ತಾನೇ? ಹೇಳೋದೇನಾದ್ರೂ ಇದ್ರೆ ಈಗಲೇ ಹೇಳಿಬಿಡಿ."

"ಕ್ಷೇಮ! ಕಲ್ಲುಗುಂಡಿನ ಹಾಗಿದ್ದಾನೆ!"

"ಸರಿ" ಎಂದು ಸುಮಿಯೆ ಚೀಲ ತೆಗೆದುಕೊಂಡಳು. "ಈರುಳ್ಳಿ ತಂದುಬಿಡ್ತೀನಿ. ಇವತ್ತು ಸ್ವಲ್ಪ ಜಾಸ್ತಿನೇ ಬೇಕಾಗಬಹುದು."

ಆ ಮಧ್ಯಾಹ್ನ ತೊಕುಜಿ ಸೇನಾಸಮೇತ ಯುದ್ಧಕ್ಕೆ ಕೂತ. ಹಿಂದೆ ಮುರಾಸೆ, ಪಕ್ಕದಲ್ಲಿ ಓಕಿಕು ಅಜ್ಜಿ, ತಲೆಗೆ ಬಟ್ಟೆ ಕಟ್ಟಿಕೊಂಡ ಕಜಿವಾರ. ಸವಾಲು ಬಂತು. ಕೊಕ್ಕರೆ ಕಾಲಿನ ಮುದುಕ ಬಂದ. ತೊಕುಜಿ ನರ್ತಕಿಯನ್ನು ಇಳಿಸಿದ. ಬೀಸಣಿಗೆ ಬಿಚ್ಚುವ ಮುನ್ನ ಕಾಲು! ಮತ್ತೆ ನಾಣ್ಯ ಹಾಕಿ ಅಡುಗೆಭಟ್ಟನನ್ನು ಕಳಿಸಿದ. ಬೆಂಕಿ ಉಗುಳಲು ಬಾಯಿ ತೆರೆದ, ಬಾಯಿಗೇ ಕಾಲು! ಮುರಾಸೆ ಕಲಿಸಿದ ಒಬ್ಬೊಬ್ಬನೂ ಹೋದ, ಒಬ್ಬೊಬ್ಬನೂ ಮಲಗಿದ. ಕೊನೆಗೆ ಕಣ್ಣಲ್ಲಿ ನೀರು ತುಂಬಿಕೊಂಡು ದೋತೆನ್ನನ್ನು ಕರೆದ. ದೋತೆನ್ ಬಂದ, ತನ್ನ ಯಜಮಾನನ ಬೆರಳಿನಲ್ಲಿ ನರ್ತಕಿ ಹೊಕ್ಕಿರುವುದು ತಿಳಿಯದೆ ಗಿರಗಿರನೆ ತಿರುಗಿ, ತಾನೇ ಹೋಗಿ ಆ ಕಾಲಿನ ಮೇಲೆ ಬಿದ್ದ.

ತೊಕುಜಿಗೆ ತಡೆಯಲಾಗಲಿಲ್ಲ. ಮರ್ಯಾದೆ ಮಣ್ಣುಪಾಲಾಗಲೆಂದು ಎದ್ದವನೇ ಯಂತ್ರವನ್ನು ಸುತ್ತು ಹಾಕಿ ಆಚೆ ಬದಿಗೆ ನುಗ್ಗಿದ. "ಗುರುಗಳೇ, ತಾವು ಯಾವ ಮಠದ..."

ಗುರುಗಳು ಕನ್ನಡಕವನ್ನು ಹಣೆಗೇರಿಸಿಕೊಂಡು ಚಹಾ ಹೀರುತ್ತಿದ್ದರು. ಕಾಲ ಬಳಿಯ ಚೀಲದಿಂದ ಹಸಿ ಈರುಳ್ಳಿಯ ಬಾಲಗಳು ಇಣುಕುತ್ತಿದ್ದವು.

"ಸುಮಿಯೆ!" ತೊಕುಜಿಯ ದವಡೆ ಜೋತುಬಿತ್ತು. "ನಿನಗೆ... ನಿನಗೆ ಈ ಆಟ ಬರುತ್ತಾ?"

"ಎಲ್ಲಿ ಬರುತ್ತೆ ರೀ? ಈ ಮುದುಕನ ಹೆಸರೂ ಗೊತ್ತಿಲ್ಲ. ಬೇರೆಯವರನ್ನ ಆರಿಸೋದು ಹೇಗೆ ಅಂತ್ಲೂ ಗೊತ್ತಿಲ್ಲ. ಈ ಒಂದು ಗುಂಡಿ ಒತ್ತಿದ್ರೆ ಕಾಲು ಚಾಚ್ತಾನೆ, ಅಷ್ಟು ಅಜ್ಜಿ ಹೇಳಿಕೊಟ್ರು."

"ಮತ್ತೆ ನಾನು ನೆಗೆಯೋದು ನಿನಗೆ ಮೊದಲೇ ಹೇಗೆ ತಿಳೀತು?"

"ಹೆದರಿಕೆ ಆದ್ರೆ ನೀವು ನೆಗೀತೀರಿ. ಮೊನ್ನೆ ಜಿರಲೆ ಬಂದಾಗಲೂ ನೆಗೆದ್ರಿ. ಕೋಪ ಬಂದ್ರೆ ನೇರ ನುಗ್ತೀರಿ. ಒಂದು ಏಟು ಬಿದ್ರೆ ಹಿಂದೆ ಸರಿದು ಏನೂ ಆಗಿಲ್ಲ ಅನ್ನೋ ಹಾಗೆ ನಿಂತ್ಕೋತೀರಿ. ಅಲ್ಲಿಗೆ ಒಂದು ಒದೆ."

"ಆದ್ರೆ ಇವತ್ತು ನಾನು ಎಷ್ಟು ಜನರನ್ನ ಇಳಿಸಿದೆ! ನರ್ತಕಿ, ಅಡುಗೆಭಟ್ಟ..."

"ವೇಷ ಯಾರದ್ದಾದ್ರೇನು, ಒಳಗಿದ್ದೋರು ನೀವೇ ಅಲ್ವಾ?"

ಮುರಾಸೆ ಯಂತ್ರಕ್ಕೆ ತಲೆ ಚಚ್ಚಿಕೊಂಡು ನಗುತ್ತಿದ್ದ. ಕಜಿವಾರ ತನಗೆ ಕರ್ರಿ ಸ್ವಲ್ಪ ಖಾರವಾಗಿಯೇ ಇರಲಿ ಎಂದು ಆಗಲೇ ಹೇಳಿಬಿಟ್ಟ. ತೊಕುಜಿ ಕೊನೆಯ ಹುಲ್ಲುಕಡ್ಡಿಗೆ ಜೋತುಬಿದ್ದ.

"ಇದು ಮೋಸ ಕಣೇ! ನಾನು ಊರಿನ ಜಟ್ಟಿಗಳನ್ನೆಲ್ಲಾ ಕಲಿತೆ. ನೀನು ಕಲಿತಿದ್ದು ಬರೀ ನನ್ನೊಬ್ಬನನ್ನ!"

ಸುಮಿಯೆ ಚಹಾ ಮುಗಿಸಿ, ಈರುಳ್ಳಿ ಚೀಲವನ್ನು ಅವನ ಕೈಗೆ ತೂಗುಹಾಕಿದಳು.

"ಇನ್ನೊಬ್ಬನನ್ನ ಕಲಿಯೋಕೆ ನೀವು ಬಿಡುವು ಕೊಟ್ಟಿದ್ದಾದ್ರೂ ಯಾವಾಗ ರೀ?"