ಕಾಲಿಸ್ ಮೇಷ್ಟ್ರ ನಾಲ್ಕನೆಯ ತಲೆಮಾರು

ಕಾಲಿಸ್ ಮೇಷ್ಟ್ರ ಮದುವೆಗೆ ಅಡ್ಡ ಬಂದದ್ದು ಒಂದು ಕುರಿಹಿಂಡು. ಬೇಕೆಂದು ಬಂದದ್ದಲ್ಲ, ಪಾಪ. ಬೇಸಿಗೆಯ ಹುಲ್ಲಿಗೆ ಬೆಟ್ಟ ಹತ್ತಲು ಹೊರಟಿತ್ತು, ರಸ್ತೆ ದಾಟುತ್ತಿತ್ತು. ರಾಜಧಾನಿ ಬಿಷ್ಕೆಕ್‌ನಿಂದ ಅವನನ್ನು ಹೊತ್ತು ತಂದ ಬಾಡಿಗೆ ಕಾರು ನಿಂತಿತು. ಡ್ರೈವರು ಇಳಿದು ಕುರಿ ಕಾಯುವವನ ಜೊತೆ ಮಾತಿಗೆ ನಿಂತ. ಆ ಸೀಮೆಯಲ್ಲಿ ಇಬ್ಬರು ಗಂಡಸರು ಹಾಗೆ ನಿಂತರೆ ಕುರಿಗಳು ಬೆಟ್ಟ ಸೇರಿದ ಮೇಲೂ ಮಾತು ಮುಗಿಯುವುದಿಲ್ಲ.

ಕಾಲಿಸ್ ತನ್ನ ಸೋದರತ್ತೆಗೆ ಇನ್ನೊಮ್ಮೆ ಫೋನು ಮಾಡಿದ. ಅತ್ತೆ ಎತ್ತಲಿಲ್ಲ. ಅವನಿಗೆ ಪುಕುಪುಕು ಶುರುವಾಯಿತು. ಹೆಣ್ಣು ಕೇಳಲು ಹೊರಟ ಕಿರ್ಗಿಜ್ ಗಂಡಿಗೆ ತನ್ನ ಏಳು ತಲೆಮಾರಿನ ಹೆಸರು ಬಾಯಲ್ಲಿರಬೇಕು. ಎರಡು ಮನೆತನ ಆ ಏಳರೊಳಗೆ ಎಲ್ಲಾದರೂ ಕೂಡಿತೋ, ಹುಡುಗ ಹುಡುಗಿ ಅಣ್ಣ ತಂಗಿ. ಮದುವೆಯ ಮಾತೇ ಇಲ್ಲ. ನಮ್ಮ ಮೇಷ್ಟ್ರಿಗೆ ಬರುತ್ತಿದ್ದದ್ದು ಮೂರೇ ಹೆಸರು. ಪಟ್ಟಣದ ಶಾಲೆಯಲ್ಲಿ ಜಗತ್ತಿನ ಇತಿಹಾಸ ಪಾಠ ಮಾಡುವವನು, ಫ್ರಾನ್ಸಿನ ಲೂಯಿಗಳನ್ನೆಲ್ಲ ಹಿಂದುಮುಂದಾಗಿ ಒಪ್ಪಿಸುವವನು, ತನ್ನ ಮನೆಯ ವಿಷಯಕ್ಕೆ ಬಂದರೆ ಮುತ್ತಾತನ ಹತ್ತಿರ ನಿಂತುಬಿಡುತ್ತಿದ್ದ.

ಅತ್ತೆ ಕಲಿಸಲಿಲ್ಲವೆಂದಲ್ಲ. ಚಿಕ್ಕಂದಿನಲ್ಲೇ ಅಪ್ಪ ಅಮ್ಮ ಹೋದ ಹುಡುಗನನ್ನು ಸಾಕಿದವಳು ಜೂರಾ ಅತ್ತೆ. ಪ್ರತಿ ಗುರುವಾರ ಮನೆತನದ ಸತ್ತವರ ಹೆಸರನ್ನು ಒಂದೊಂದಾಗಿ ಹೇಳುತ್ತ ಕಾದ ಎಣ್ಣೆಗೆ ಹಿಟ್ಟಿನ ತುಂಡು ಬಿಡುತ್ತಿದ್ದಳು. ಹುಡುಗನ ಕಣ್ಣೆಲ್ಲ ಬಾಣಲೆಯ ಮೇಲೆ, ಕಿವಿ ಎಲ್ಲೋ. ದೊಡ್ಡವನಾದ ಮೇಲೆ "ಕಲಿಯೋ" ಅಂದರೆ "ತಲೆ ತುಂಬ ರಾಜರಿದಾರೆ ಅತ್ತೆ, ಜಾಗ ಇಲ್ಲ" ಅನ್ನುತ್ತಿದ್ದ.

ಕಾರು ನಿಂತ ಕಡೆ ಮಣ್ಣಿನ ಗುಮ್ಮಟದ ಹಳೆಯ ಗೋರಿಗಳಿದ್ದವು. ಇತಿಹಾಸದ ಮೇಷ್ಟ್ರಿಗೆ ಕಲ್ಲು ಕಂಡರೆ ಓದದೆ ಇರಲಾಗದು. ವಾಲಿಕೊಂಡಿದ್ದ ಒಂದು ಕಲ್ಲಿನ ಮೇಲೆ 'ಮೊಕುಷ್' ಎಂದಷ್ಟೇ ಇತ್ತು. ಪ್ರಾರ್ಥನೆ ಹೇಳಿ ಅಂಗೈಯಿಂದ ಮುಖ ಸವರಿಕೊಂಡ. ಎಲ್ಲೋ ಕೇಳಿದ ಹೆಸರು ಅನ್ನಿಸಿತು. ಯಾಕೋ ಬಾಯಲ್ಲಿ ನೀರೂ ಬಂತು. ಬೆಳಗಿನಿಂದ ಏನೂ ತಿಂದಿಲ್ಲ, ಅದಕ್ಕೇ ಇರಬೇಕು ಅಂದುಕೊಂಡ.

ಹುಡುಗಿಯ ಊರಿನಲ್ಲಿ ಬೆರ್ಮೆತ್ ಬಾಗಿಲಲ್ಲೇ ಕಾದಿದ್ದಳು. ಅವಳು ಕಾಲಿಸ್‌ನ ಶಾಲೆಯಲ್ಲೇ ಲೆಕ್ಕದ ಟೀಚರು. ಇಬ್ಬರ ಮನಸ್ಸು ಕೂಡಿ ಬಹಳ ದಿನವಾಗಿತ್ತು. ಅವಳ ಅಪ್ಪ ಅಮ್ಮ ಮಾಸ್ಕೋದಲ್ಲಿ ದುಡಿಯುತ್ತಿದ್ದರು. ಹಾಗಾಗಿ ಹೂಂ ಅನ್ನಬೇಕಾದವರು ಅವಳನ್ನು ಬೆಳೆಸಿದ ಶರ್ಶೆನ್ ತಾತ.

"ತಾತ ಪ್ರಶ್ನೆ ಕೇಳ್ತಾರೆ, ಬೇಜಾರು ಮಾಡ್ಕೋಬೇಡ," ಎಂದು ಪಿಸುಗುಟ್ಟಿದಳು. "ಹೋದ ಸಲ ಹೆಣ್ಣು ಕೇಳೋಕೆ ಬಂದಿದ್ದ ಡಾಕ್ಟರು ಬೂಟು ಇಲ್ಲೇ ಬಿಟ್ಟು ಓಡಿದ."

"ಇತಿಹಾಸ ತಾನೆ, ಕೇಳಲಿ ಬಿಡು," ಎಂದು ಕಾಲಿಸ್ ಎದೆ ಸೆಟೆಸಿ ಒಳಗೆ ಹೋದ. ಜೇಬಿನಲ್ಲಿ ಬೆಳ್ಳಿಯ ಓಲೆಗಳಿದ್ದವು. ತಾತ ಒಪ್ಪಿದರೆ ಓಲೆ ಹುಡುಗಿಯ ಕಿವಿಗೆ, ಮದುವೆ ನಿಶ್ಚಯ.

ತಾತನ ಪಕ್ಕದಲ್ಲಿ ನೆರೆಮನೆಯ ಬುರುಲಕ್ಕ ಚಹಾದ ಕೆಟಲು ಹಿಡಿದು ಕೂತಿದ್ದಳು. ಅವಳಿಗೊಬ್ಬ ತಮ್ಮನ ಮಗನಿದ್ದ, ಸ್ವಂತ ಲಾರಿಯವನು. ಬೆರ್ಮೆತ್ ಅವನ ಕೈ ಹಿಡಿಯಲಿ ಎಂಬುದು ಅವಳ ಬಹುದಿನದ ಆಸೆ. ಅಂಥವಳು ಕೆಟಲು ಹಿಡಿದರೆ ಹುಷಾರಾಗಿರಬೇಕು. ಅಲ್ಲಿ ನೆಂಟರಿಗೆ ಬಟ್ಟಲ ತಳಕ್ಕೆ ಸ್ವಲ್ಪ ಸ್ವಲ್ಪವೇ ಚಹಾ ಬಿಡುತ್ತಾರೆ, ಇನ್ನೂ ಕೂತಿರಿ ಅಂತ. ಬಟ್ಟಲು ತುಂಬ ಸುರಿದರೆ, ಕುಡಿದು ಹೊರಡಿ ಅಂತ.

"ಮೇಷ್ಟ್ರೇ," ತಾತ ಶುರುಮಾಡಿದರು, "ಚೀನಾದವರು ಅಷ್ಟುದ್ದ ಗೋಡೆ ಕಟ್ಟಿದ್ದು ನಮ್ಮಂಥೋರನ್ನ ಹೊರಗಿಡೋಕಂತೆ. ನಾವು ಅಷ್ಟು ಕೆಟ್ಟೋರಾಗಿದ್ವಾ?"

"ಸ್ವಲ್ಪ ಇದ್ವಿ, ತಾತ."

"ಮತ್ತೆ ಗೋಡೆಗೆ ಬಾಗಿಲು ಯಾಕಿಟ್ರು?"

"ನಮ್ಮ ಕಡೆ ಕುದುರೆ ಬೇಕಿತ್ತಲ್ಲ ಅವರಿಗೆ."

"ನೋಡಿದ್ಯಾ ಬುರುಲ್? ಕುದುರೆ ಬೇಕು, ಕುದುರೆಯವನು ಬೇಡ." ತಾತ ತೊಡೆ ತಟ್ಟಿ ನಕ್ಕರು. ಬಟ್ಟಲ ತಳಕ್ಕೆ ಚಹಾ ಬಿತ್ತು.

ಬುರುಲಕ್ಕ ಸುಮ್ಮನಿರುವವಳಲ್ಲ. "ರೋಮಿನೋರಿಗೆ ಚಹಾನೇ ಗೊತ್ತಿರಲಿಲ್ವಂತೆ. ಹಾಗಾದ್ರೆ ಬೇಡದ ನೆಂಟ್ರನ್ನ ಹೇಗೆ ಏಳಿಸ್ತಿದ್ರು?"

"ಏಳಿಸೋಕೆ ಆಗ್ತಿರಲಿಲ್ಲ ಅಕ್ಕ. ಅದಕ್ಕೇ ಇರ್ಬೇಕು ಆ ಸಾಮ್ರಾಜ್ಯ ಹಾಳಾಗಿದ್ದು."

ತಾತನಿಗೆ ಹುಡುಗ ಹಿಡಿಸಿಬಿಟ್ಟ. ಅಲೆಕ್ಸಾಂಡರನ ಸೈನಿಕರ ಬೂಟು ಹರಿದರೆ ಹೊಲಿಯುತ್ತಿದ್ದವರು ಯಾರು ಎಂದು ಕೇಳಿದರು. ಸೈನ್ಯದ ಬೆನ್ನಿಗೆ ಇನ್ನೊಂದು ಸೈನ್ಯ ಬರುತ್ತಿತ್ತು ತಾತ, ಬೂಟು ಹೊಲಿಯುವವರು, ಅಡುಗೆಯವರು, ಹೆಂಗಸರು, ಮಕ್ಕಳು ಎಂದ ಕಾಲಿಸ್.

"ಮಕ್ಕಳೂನಾ?"

"ಮಕ್ಕಳೂನೂ."

ತಾತ ಗಡ್ಡ ನೀವಿಕೊಂಡರು. "ಹಿಮದ ಬೆಟ್ಟ ದಾಟುವಾಗ ಹಿಂದೆ ಉಳಿದುಬಿಟ್ಟ ಮಕ್ಕಳನ್ನ ಯಾರು ಎತ್ಕೊಂಡ್ರು?"

"ಅದನ್ನ ಯಾರೂ ಬರೆದಿಟ್ಟಿಲ್ಲ, ತಾತ."

"ಅಷ್ಟು ದಪ್ಪ ದಪ್ಪ ಪುಸ್ತಕದಲ್ಲಿ ಅದೊಂದು ಇಲ್ವಾ?" ತಾತನ ಮುಖ ಸಪ್ಪಗಾಯಿತು. ಡಾಕ್ಟರನನ್ನೂ ಇದೇ ಕೇಳಿದ್ದರು, ಅವನಿಗಿಂತ ಮುಂಚೆ ಬಂದಿದ್ದ ಇಂಜಿನಿಯರನನ್ನೂ. ಬುರುಲಕ್ಕ ಸಂತೋಷದಿಂದ ಬಟ್ಟಲು ಕಂಠಮಟ್ಟ ತುಂಬಿದಳು.

"ಹೋಗಲಿ ಬಿಡು," ಎಂದರು ತಾತ. "ಜಗತ್ತಿಂದು ಸಾಕು, ನಿಂದು ಹೇಳು. ಏಳು ತಲೆಮಾರು."

"ಅಪ್ಪ ಕುಬಾತ್. ಅವರಪ್ಪ ಸಾದಿರ್. ಅವರಪ್ಪ ತಾಬಿಲ್ದಿ."

"ತಾಬಿಲ್ದಿ? ಸಿಕ್ಕಿದವನು ಅಂತ ಹೆಸರಿಟ್ಟಿದ್ರಾ? ಸರಿ, ಆಮೇಲೆ?"

ಆಮೇಲೆ ಕತ್ತಲೆ. ಲೂಯಿಗಳೆಲ್ಲ ಸಾಲಾಗಿ ಬಂದು ತಲೆಯೊಳಗೆ ಇಣುಕಿದರು. ಬುರುಲಕ್ಕ ಕೆಟಲು ಎತ್ತಿದಳು. ಬಾಗಿಲ ಮರೆಯಲ್ಲಿ ಬೆರ್ಮೆತ್ ಉಸಿರು ಹಿಡಿದು ನಿಂತಿದ್ದಳು. ಆ ಮುಖ ನೋಡಿದ್ದೇ ಕಾಲಿಸ್‌ಗೆ ಬೆಳಗಿನ ಕಲ್ಲು ನೆನಪಾಯಿತು.

"ಮೊಕುಷ್," ಎಂದುಬಿಟ್ಟ.

ತಾತನ ಕೈಯಿಂದ ಬಟ್ಟಲು ಜಾರಿತು. "ಇನ್ನೊಂದು ಸಲ ಹೇಳು."

"ಮೊಕುಷ್."

"ಮೊಕುಷ್ ನಮ್ಮ ತಾತ ಕಣೋ," ಎಂದರು ಮುದುಕರು. "ಸಾವಿರದ ಒಂಬೈನೂರ ಹದಿನಾರನೇ ಇಸವಿಲಿ ರಷ್ಯಾ ದೊರೆಯ ಸೈನ್ಯಕ್ಕೆ ಹೆದರಿ ಜನವೆಲ್ಲ ಚೀನಾ ಕಡೆ ಓಡಿದಾಗ ನಮ್ಮಪ್ಪ ಇನ್ನೂ ಹುಡುಗ. ಪುಟ್ಟ ತಮ್ಮನ ಕೈ ಹಿಡ್ಕೊಂಡು ಹಿಮದಲ್ಲಿ ನಡೀತಿದ್ದ. ಜನರ ನೂಕುನುಗ್ಗಲಲ್ಲಿ ಕೈ ಬಿಟ್ಟುಹೋಯ್ತು. ಸಾಯೋವರೆಗೂ ಆ ಕೈನೇ ನೋಡ್ಕೋತಿದ್ದ. ಅಂದ್ರೆ ಆ ಮಗು ಸಿಕ್ಕಿತ್ತು ಕಣೋ, ನಿನ್ನ ತಾಬಿಲ್ದಿನೇ ಅದು. ಯಾರೋ ಪುಣ್ಯಾತ್ಮರು ಎತ್ಕೊಂಡಿದ್ರು. ಸಿಕ್ಕಿದವನು ಅಂತ ಹೆಸರಿಟ್ಟು ಸಾಕಿದ್ರು." ಕಾಲಿಸ್‌ನನ್ನು ಎದೆಗೊತ್ತಿಕೊಂಡು ಅವರು ಅತ್ತ ಅಳುವಿಗೆ ಪಕ್ಕದ ಮನೆಯವರೆಲ್ಲ ಓಡಿಬಂದರು.

ಬುರುಲಕ್ಕ ಬೇಗ ಬೇಗ ಲೆಕ್ಕ ಹಾಕಿದಳು. "ಹಾಗಾದ್ರೆ ಇವರಿಬ್ಬರೂ ಅಣ್ಣ ತಂಗಿ ಆದ್ರಲ್ಲ. ಎಂಥಾ ಒಳ್ಳೆ ಸುದ್ದಿ." ಕಾಲಿಸ್‌ನ ತುಂಬಿದ ಬಟ್ಟಲನ್ನು ತಾನೇ ಚೆಲ್ಲಿ, ತಳಕ್ಕಿಷ್ಟು ಹೊಸ ಚಹಾ ಬಿಟ್ಟಳು.

ಔತಣಕ್ಕೆ ಕಡಿಯಲೆಂದು ಅಂಗಳಕ್ಕೆ ಕುರಿ ಬಂತು. ಒಬ್ಬ ಬಂದು ಕಾಲಿಸ್‌ನ ಮೂಗು ಥೇಟ್ ತಾತನ ಅಪ್ಪ ಬಾಕಿರಜ್ಜನದೇ ಅಂದ, ಇನ್ನೊಬ್ಬಳು ಕಿವಿ ಅಂದಳು. ಕಾಲಿಸ್ ಪೆಚ್ಚಾಗಿ ನಿಂತಿದ್ದ. ಸುಳ್ಳು ಅಂದರೆ ಮುದುಕರ ಎದೆ ಒಡೆಯುತ್ತದೆ, ಸುಮ್ಮನಿದ್ದರೆ ಬೆರ್ಮೆತ್ ಲಾರಿ ಹತ್ತುತ್ತಾಳೆ. ಎಲ್ಲರೂ ಕುರಿಯ ಮುಂದೆ ಪ್ರಾರ್ಥನೆಗೆ ಅಂಗೈ ಚಾಚಿದಾಗ ಅವನ ಕೈ ಮೇಲೇಳಲಿಲ್ಲ. ಅದರಲ್ಲಿ ದೇವರ ಭಯ ಎಷ್ಟು, ಲಾರಿಯ ಭಯ ಎಷ್ಟು, ಅವನಿಗೇ ತಿಳಿಯದು.

"ತಾತ, ಕ್ಷಮಿಸಿ. ನಂಗೆ ಮೂರೇ ಹೆಸರು ಗೊತ್ತು. ಮೊಕುಷ್ ಅಂತ ಬೆಳಿಗ್ಗೆ ದಾರೀಲಿ ಗೋರಿಕಲ್ಲಿನ ಮೇಲೆ ಓದಿದ್ದೆ."

ಅಂಗಳ ತಣ್ಣಗಾಯಿತು. ಕುರಿ ಒಂದೇ ನೆಮ್ಮದಿಯಾಗಿತ್ತು. ತಾತ ಬೈಯಲಿಲ್ಲ. "ಹೌದಾ," ಎಂದು ಜಗಲಿಯ ಮೇಲೆ ಕುಸಿದು ಕೂತು, ಅಪ್ಪನ ಹಾಗೆಯೇ ತಮ್ಮ ಅಂಗೈ ನೋಡಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು ಎಂದು ಕಾಲಿಸ್‌ಗೆ ಅನ್ನಿಸಿತು. ಬುರುಲಕ್ಕ ತುಂಬಿ ತುಳುಕುವ ಬಟ್ಟಲನ್ನು ಅಂಗಳಕ್ಕೇ ತಂದು ಅವನ ಕೈಗಿತ್ತಳು.

ಆಗ ಅವನ ಫೋನು ಹೊಡೆದುಕೊಂಡಿತು. ಜೂರಾ ಅತ್ತೆಯದು ನಾಲ್ಕು ಮನೆಗೆ ಕೇಳುವ ಗಂಟಲು.

"ಬೆಳಿಗ್ಗೆ ಅಷ್ಟು ಸಲ ಯಾಕೋ ಕರೆದೆ? ತಲೆಮಾರು ಕೇಳಿದ್ರಾ? ಬಡ್ಕೊಂಡೆ ಕಲಿಯೋ ಅಂತ. ಬರ್ಕೋ. ಕುಬಾತ್, ಸಾದಿರ್, ತಾಬಿಲ್ದಿ. ತಾಬಿಲ್ದಿ ಹಿಮದಲ್ಲಿ ಸಿಕ್ಕಿದ ಮಗು. ಕುರಿ ಕಾಯೋನೊಬ್ಬ ತನ್ನ ತುಪ್ಪಳದ ಕೋಟಿನೊಳಗೆ ಹಾಕ್ಕೊಂಡು ಬಂದ. ಅಪ್ಪನ ಹೆಸರೇನು ಅಂದ್ರೆ ಮೊಕುಷ್ ಅಂತಿತ್ತಂತೆ. ಅಳು ಅಂದ್ರೂ ಅಳಲಿಲ್ವಂತೆ. ಬಾಕಿರಣ್ಣ ಬರ್ತಾನೆ, ಅವನು ಕೈ ಬಿಡೋನಲ್ಲ ಅಂತ ಮುದುಕನಾದ ಮೇಲೂ ಹೇಳ್ತಿದ್ದ. ಗುರುವಾರ ಗುರುವಾರ ಬಾಣಲೆ ಮುಂದೆ ನಾನು ಹೇಳ್ತಿದ್ದೆನಲ್ಲೋ, ಮೊಕುಷ್ ಅಂತ? ನಿನಗೆ ತಿನ್ನೋದೊಂದೇ ಧ್ಯಾನ."

ಕಾಲಿಸ್‌ಗೆ ಆಗ ನೆನಪಾಯಿತು. ಮೂಗಿಗೆ ಎಣ್ಣೆಯ ವಾಸನೆಯೇ ಬಂದಂತಾಯಿತು.

"ಬಾಕಿರ್ ನಮ್ಮಪ್ಪ," ಎಂದರು ತಾತ, ಫೋನಿಗೋ ಆಕಾಶಕ್ಕೋ. ಎರಡೂ ಕೈಯಲ್ಲಿ ಕಾಲಿಸ್‌ನ ಕೈ ಹಿಡಿದುಕೊಂಡವರು ಊಟಕ್ಕೆ ಕೂತರೂ ಬಿಡಲಿಲ್ಲ. ಪಾಪ, ಅವನು ಎಡಗೈಯಲ್ಲೇ ಉಣ್ಣಬೇಕಾಯಿತು. ಜೇಬಿನ ಓಲೆ ಕಂಡು, "ತಂಗಿಗೆ ತಂದಿದೀಯಾ? ಕೊಡು, ಕೊಡು," ಎಂದು ತಾವೇ ಕೊಡಿಸಿದರು.

ಓಲೆ ತೆಗೆದುಕೊಳ್ಳುವಾಗ ಬೆರ್ಮೆತ್‌ಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ಏಳರಲ್ಲಿ ನಾಲ್ಕು ಹೋದ್ರೆ ಮೂರು," ಎಂದಳು ಲೆಕ್ಕದ ಟೀಚರು. "ಇನ್ನು ಮೂರು ತಲೆಮಾರು ಕಾದ್ರೆ ಆಯ್ತು."

"ಅಣ್ಣ ಅಂತ ಮಾತ್ರ ಕರೀಬೇಡ ಮಾರಾಯ್ತಿ," ಎಂದ ಕಾಲಿಸ್.

ಬುರುಲಕ್ಕ ಬಟ್ಟಲ ತಳಕ್ಕೆ ಚಹಾ ಬಿಡುತ್ತಲೇ ಇದ್ದಳು. ಮನೆಮಗನನ್ನು ಇನ್ನು ಯಾರು ಏಳಿಸುತ್ತಾರೆ? ತಾತನ ಮುಖ ಮಗುವಿನ ಮುಖದ ಹಾಗೆ ತಿಳಿಯಾಗಿತ್ತು.

"ನಂದೆಲ್ಲ ಮುಗೀತು ಮಗಾ," ಎಂದರು. "ಇನ್ನು ನಂಗೆ ಇತಿಹಾಸದಲ್ಲಿ ಕೇಳೋದು ಏನೂ ಉಳಿದಿಲ್ಲ."

"ನಂದೊಂದು ಇದೆ ತಾತ," ಎಂದ ಕಾಲಿಸ್. "ಈ ಏಳು ತಲೆಮಾರಿನ ಕಟ್ಟಳೆ ಮಾಡಿದನಲ್ಲ, ಆ ಪುಣ್ಯಾತ್ಮನಿಗೆ ಮದುವೆ ಆಗಿತ್ತಾ?"